ಗಾಜಿನ ಗೋಡೆಗೆ ಸಿಲಿಕಾನ್: ಮುಂದಿನ ಮಳೆಗೂ ಸೋರದ ಹಾಗೆ ಹೊಡೆಯುವ ಕ್ರಮ

ಮೇ ತಿಂಗಳಲ್ಲಿ ಮೊದಲ ಗಾಳಿಮಳೆ ಬಿದ್ದ ಮಾರನೇ ದಿನ ಬೆಂಗಳೂರಿನ ಆಫೀಸ್ ಕಟ್ಟಡಗಳಿಂದ ಒಂದೇ ಥರದ ಫೋನ್ ಬರುತ್ತದೆ. “ಹೋದ ವರ್ಷ ತಾನೇ ಸಿಲಿಕಾನ್ ಹೊಡೆಸಿದ್ವಿ ಸಾರ್, ಮತ್ತೆ ಅದೇ ಜಾಗದಲ್ಲಿ ನೀರು.” ಹೋಗಿ ನೋಡಿದರೆ ಹಳೇ ಸೀಲೆಂಟ್ (ಸಂದಿ ಮುಚ್ಚುವ ಅಂಟು) ಮೇಲೆ ಹೊಸದು, ಅದರ ಮೇಲೆ ಇನ್ನೊಂದು. ತುದಿಯನ್ನು ಉಗುರಿನಿಂದ ಎಬ್ಬಿಸಿ ಎಳೆದರೆ ಮೂರೂ ಪದರ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬರುತ್ತವೆ. ಕೆಳಗಿನ ಗಾಜಿನ ಅಂಚಿನಲ್ಲಿ ಧೂಳು ಹಾಗೇ ಇರುತ್ತದೆ.

ಟ್ಯೂಬ್ ಒಳಗಿನ ಮಾಲು ಕೆಟ್ಟು ಸೋರಿದ್ದನ್ನು ನಾನು ಕಂಡದ್ದು ಅಪರೂಪ. ಸೀಲೆಂಟ್ ಹಿಂಡುವ ಗನ್ ಕೈಗೆ ತೆಗೆದುಕೊಳ್ಳುವ ಮೊದಲಿನ ನಾಲ್ಕು ಕೆಲಸ ಬಿಟ್ಟಿದ್ದರಿಂದ ಸೋರಿದ್ದೇ ಜಾಸ್ತಿ: ಹಳೆಯದನ್ನು ಕೀಳುವುದು, ಒರೆಸುವುದು, ಒಣಗಿಸುವುದು, ಸೀಲೆಂಟಿನ ಹಿಂದೆ ಬ್ಯಾಕರ್ ರಾಡ್ ಎಂಬ ಫೋಮ್ ಹುರಿ ಕೂರಿಸುವುದು. ಹಾಗಾಗಿ ಈ ಬರಹದಲ್ಲಿ ಗನ್ ಬರುವುದೇ ಎಂಟನೇ ಹಂತದಲ್ಲಿ.

## ಶುರು ಮಾಡುವ ಮೊದಲು: ನೀವು ಕೊಯ್ಯಲು ಹೊರಟಿರುವುದು ಯಾವ ಸೀಲೆಂಟ್?

ಗಾಜಿನ ಗೋಡೆಯಲ್ಲಿ ಸಿಲಿಕಾನ್ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಎರಡು ಗಾಜುಗಳ ನಡುವಿನ ಸಂದಿಯಲ್ಲಿ ಹೊರಗಿನಿಂದ ಕಾಣುವುದು ವೆದರ್ ಸೀಲ್. ನೀರು, ಗಾಳಿ ತಡೆಯುವುದಷ್ಟೇ ಅದರ ಕೆಲಸ. ಈ ಬರಹ ಅದರ ಬಗ್ಗೆ.

ಇನ್ನೊಂದು ಸ್ಟ್ರಕ್ಚರಲ್ ಸಿಲಿಕಾನ್. ಅದು ಗಾಜಿನ ಹಿಂಬದಿಯನ್ನು ಅಲ್ಯೂಮಿನಿಯಂ ಫ್ರೇಮಿಗೆ ಅಂಟಿಸಿ ಹಿಡಿದಿರುತ್ತದೆ. ಹೊರಗೆ ಸ್ಕ್ರೂ, ಪಟ್ಟಿ ಯಾವುದೂ ಕಾಣದ ಗೋಡೆಯಲ್ಲಿ ಗಾಳಿಯ ಹೊಡೆತಕ್ಕೆ ಗಾಜು ಕಿತ್ತು ಬರದಂತೆ ಹಿಡಿದಿರುವುದು ಅದೇ. ಅದರ ಅಗಲ, ದಪ್ಪವನ್ನು ಗಾಳಿಯ ಒತ್ತಡ ಲೆಕ್ಕ ಹಾಕಿ ಎಂಜಿನಿಯರ್ ಗೊತ್ತುಮಾಡಿರುತ್ತಾರೆ. ಸಾಮಾನ್ಯವಾಗಿ ಅದನ್ನು ಫ್ಯಾಕ್ಟರಿಯೊಳಗೇ ಹಾಕಿ ಕಳಿಸುತ್ತಾರೆ. ಸೋರಿಕೆ ರಿಪೇರಿಗೆ ಬಂದವರು ಅದಕ್ಕೆ ಕೈ ಹಾಕಬಾರದು.

ಅಪಾಯ ಇರುವುದು ಬ್ಲೇಡಿನ ಆಳದಲ್ಲಿ. ವೆದರ್ ಸೀಲ್ ಕೊಯ್ಯಲು ಹೋಗಿ ಹಿಂದಿನ ಸ್ಟ್ರಕ್ಚರಲ್ ಪಟ್ಟಿಗೂ ಗೀರು ಹಾಕಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹಳೇ ಡ್ರಾಯಿಂಗ್ ಕೇಳಿ ತರಿಸಿಕೊಳ್ಳಿ. ಸಿಗದಿದ್ದರೆ ಒಂದೇ ಕಡೆ ಒಂದು ಗೇಣು ಬಿಚ್ಚಿ, ಸೀಲೆಂಟ್ ಎಷ್ಟು ಆಳಕ್ಕಿದೆ, ಹಿಂದೆ ಏನಿದೆ ನೋಡಿ. ಆಮೇಲೆ ಕಟರ್ ಬ್ಲೇಡಿಗೆ ಅಷ್ಟು ಆಳದಲ್ಲಿ ಬಣ್ಣದ ಟೇಪ್ ಸುತ್ತಿ. ಅದಕ್ಕಿಂತ ಒಳಗೆ ಬ್ಲೇಡ್ ಹೋಗಬಾರದು.

ಅಂಗೈಯಿಂದ ಒತ್ತಿದಾಗ ಗಾಜು ಅಲುಗಿದರೆ ಕೆಲಸ ನಿಲ್ಲಿಸಿ. ಕೆಳಗಿನ ಜಾಗಕ್ಕೆ ಹಗ್ಗ ಕಟ್ಟಿ ಜನರನ್ನು ದೂರ ಕಳಿಸಿ, ಫಸಾಡ್ (ಕಟ್ಟಡದ ಹೊರಗೋಡೆಯ) ಎಂಜಿನಿಯರ್‌ಗೆ ಫೋನ್ ಮಾಡಿ.

ಎತ್ತರದ ಕೆಲಸ ಎಂದು ಬೇರೆ ಹೇಳಬೇಕಿಲ್ಲ. ತೂಗುತೊಟ್ಟಿಲಿನಂಥ ಗೊಂಡೋಲಾದಲ್ಲಿರಲಿ, ಹಗ್ಗದಲ್ಲಿರಲಿ, ಫುಲ್ ಬಾಡಿ ಹಾರ್ನೆಸ್ ಬೇಕು, ಅದರ ಲೈಫ್‌ಲೈನ್ ಬೇರೆಯೇ ಆಧಾರಕ್ಕೆ ಕಟ್ಟಿರಬೇಕು. ಗನ್ ಮತ್ತು ಕಟರ್‌ಗೂ ಒಂದೊಂದು ದಾರ ಕಟ್ಟಿ. ಹತ್ತನೇ ಮಹಡಿಯಿಂದ ಬಿದ್ದ ಗನ್ ಸಣ್ಣ ವಿಷಯ ಅಲ್ಲ.

## ಹಂತ 1: ನೀರು ನುಗ್ಗುವ ಜಾಗ ಹುಡುಕಿ

ನಾಲ್ಕನೇ ಮಹಡಿಯ ಸೀಲಿಂಗಿನಲ್ಲಿ ಕಲೆ ಕಂಡರೆ ನೀರು ಅಲ್ಲೇ ಬಂದಿದೆ ಎಂದಲ್ಲ. ಆರನೇ ಮಹಡಿಯಲ್ಲಿ ನುಗ್ಗಿ, ಉದ್ದ ನಿಂತ ಅಲ್ಯೂಮಿನಿಯಂ ಕಂಬದ ಟೊಳ್ಳಿನೊಳಗೆ ಇಳಿದು, ಜಾಯಿಂಟ್ ಸಿಕ್ಕ ಕಡೆ ಹೊರಬಂದಿರಬಹುದು.

ಪೈಪಿನಿಂದ ನೀರು ಬಿಟ್ಟು ನೋಡುವಾಗ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲಿನಿಂದ ಬಿಟ್ಟರೆ ಇಳಿಯುವ ನೀರು ಎಲ್ಲ ಸಂದಿಗಳನ್ನೂ ನೆನೆಸುತ್ತದೆ, ಯಾವುದು ಕಳ್ಳ ಎಂದು ಗೊತ್ತಾಗುವುದಿಲ್ಲ. ಇದಕ್ಕೆ ಎಎಎಂಎ 501.2 ಎಂಬ ಅಮೆರಿಕದ ಪರೀಕ್ಷಾ ಕ್ರಮ ಇದೆ. ಅದರದೇ ನಾಜಲ್ ಹಾಕಿ, 30ರಿಂದ 35 ಪಿಎಸ್‌ಐ ಒತ್ತಡದಲ್ಲಿ, ಒಂದು ಅಡಿ ದೂರದಿಂದ, ಪ್ರತಿ ಐದು ಅಡಿ ಸಂದಿಗೆ ಐದು ನಿಮಿಷ ನೀರು ಹಾಯಿಸುತ್ತಾರೆ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಬೇಕು.

ಈ ಹಂತದಲ್ಲಿ ವೀಪ್ ಹೋಲ್‌ಗಳನ್ನೂ ನೋಡಿ. ಫ್ರೇಮಿನೊಳಗೆ ಸೇರಿದ ನೀರು ಹೊರಹೋಗಲು ಬಿಟ್ಟಿರುವ ಸಣ್ಣ ತೂತುಗಳಿವು, ಅಡ್ಡ ಪಟ್ಟಿಯ ಕೆಳಭಾಗದಲ್ಲಿರುತ್ತವೆ. ಹೊರ ವರ್ತುಲ ರಸ್ತೆಯ ಕಡೆ ಒಂದು ಕಟ್ಟಡದಲ್ಲಿ ಯಾರೋ ತುಂಬಾ ಶ್ರದ್ಧೆಯಿಂದ ಈ ಎಲ್ಲ ತೂತುಗಳಿಗೂ ಸಿಲಿಕಾನ್ ತುಂಬಿದ್ದರು. ಹೊರಗೆ ಹೋಗಬೇಕಾದ ನೀರು ಪಾಪ, ಒಳಗೆ ಬಂತು. ಸಿಲಿಕಾನ್ ಚುಚ್ಚಿ ತೆಗೆದೆವು, ಅರ್ಧ ಸೋರಿಕೆ ಅಲ್ಲಿಗೇ ನಿಂತಿತು.

## ಹಂತ 2: ಸರಿಯಾದ ಮಾಲು ತರಿಸಿ

ಹಾರ್ಡ್‌ವೇರ್ ಅಂಗಡಿಯಲ್ಲಿ “ಸಿಲಿಕಾನ್ ಕೊಡಿ” ಎಂದರೆ ಎಷ್ಟೋ ಸಲ ಸಿಗುವುದು ವಿನೆಗರ್ ವಾಸನೆ ಹೊಡೆಯುವ ಅಸಿಟಾಕ್ಸಿ ಸಿಲಿಕಾನ್. ಮೀನಿನ ತೊಟ್ಟಿಗೆ ಸರಿ, ಇಲ್ಲಿಗೆ ಬೇಡ. ಗಟ್ಟಿಯಾಗುವಾಗ ಅದು ಬಿಡುವ ಅಸಿಟಿಕ್ ಆಮ್ಲ ಸಿಮೆಂಟ್, ಮಾರ್ಬಲ್, ಗ್ಯಾಲ್ವನೈಸ್ಡ್ ಕಬ್ಬಿಣಕ್ಕೆ ಆಗಿಬರುವುದಿಲ್ಲ. ಲ್ಯಾಮಿನೇಟೆಡ್ ಗಾಜಿನ ನಡುವಿನ ಪದರಕ್ಕೂ, ಡಬಲ್ ಗ್ಲೇಜ್ಡ್ ಗಾಜಿನ ಅಂಚಿನ ಸೀಲಿಗೂ ಹಾನಿ ಮಾಡಬಹುದು. ಪ್ಯಾಕ್ ಮೇಲೆ ನ್ಯೂಟ್ರಲ್ ಕ್ಯೂರ್ (ಗಟ್ಟಿಯಾಗುವಾಗ ಆಮ್ಲ ಬಿಡದ್ದು), ವೆದರ್ ಪ್ರೂಫಿಂಗ್ ಎಂದು ಬರೆದಿರಬೇಕು. ಎಷ್ಟು ಹಿಗ್ಗಿ ಕುಗ್ಗಬಲ್ಲದು ಎಂಬುದು 25 ಅಥವಾ 50 ಶೇಕಡಾ ಎಂದು ಡೇಟಾ ಶೀಟಿನಲ್ಲಿರುತ್ತದೆ. ಇಂಥ ಗಾಜಿನ ಗೋಡೆಗೆ, ಅಂದರೆ ಕರ್ಟನ್ ವಾಲ್‌ಗೆ 50ರದ್ದೇ ಒಳ್ಳೆಯದು.

ಎಕ್ಸ್‌ಪೈರಿ ದಿನಾಂಕ ನೋಡಿ. ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ಕಳೆದ ಪೆಟ್ಟಿಗೆಯಾದರೆ ದಿನಾಂಕ ಉಳಿದಿದ್ದರೂ ನಂಬಬೇಡಿ. ಒಂದು ಹಲಗೆಯ ಮೇಲೆ ಹಿಂಡಿ ನೋಡಿ. ಗಂಟುಗಂಟಾಗಿ ಬಂದರೆ, ಮಾರನೇ ದಿನವೂ ಮೇಲ್ಮೈ ಅಂಟಂಟಾಗೇ ಇದ್ದರೆ ವಾಪಸ್ ಕಳಿಸಿ.

ಬೇಕಾದ ಸಾಮಾನು: 600 ಮಿ.ಲೀ. ಸಾಸೇಜ್ (ಫಾಯಿಲ್ ಚೀಲದಲ್ಲಿ ಬರುವ ಸೀಲೆಂಟ್) ಮತ್ತು ಅದರ ಗನ್, ಕ್ಲೋಸ್ಡ್ ಸೆಲ್ (ಒಳಗಿನ ಗಾಳಿಗುಳ್ಳೆ ಮುಚ್ಚಿರುವ) ಬ್ಯಾಕರ್ ರಾಡ್, ಐಸೊಪ್ರೊಪೈಲ್ ಆಲ್ಕೊಹಾಲ್ (ಸೈಟಿನಲ್ಲಿ ಐಪಿಎ ಎನ್ನುತ್ತಾರೆ), ನೂಲು ಬಿಡದ ಬಿಳಿ ಕಾಟನ್ ಬಟ್ಟೆ, ಮಾಸ್ಕಿಂಗ್ ಟೇಪ್, ಕಟರ್, ಸ್ಕ್ರೇಪರ್, ಅಗಲ ಬೇರೆ ಬೇರೆ ಇರುವ ಎರಡು ಮೂರು ಸ್ಪ್ಯಾಟುಲಾ, ಕೈಗವಸು.

ಕೆಲಸ ಶುರುವಾಗುವ ಮೂರು ವಾರ ಮೊದಲೇ, ಅದೇ ಗೋಡೆಯ ಒಂದು ಮೂಲೆಯಲ್ಲಿ ಒಂದು ಮೀಟರ್ ಮಾಡಿ ಬಿಡಿ. ಕೊನೆಯ ಹಂತದಲ್ಲಿ ಹೇಳಿದ ಹಾಗೆ ಎಳೆದು ನೋಡಿ. ಆ ಅಲ್ಯೂಮಿನಿಯಂ ಬಣ್ಣಕ್ಕೆ ಈ ಸೀಲೆಂಟ್ ಹಿಡಿಯುತ್ತದೆಯೋ ಇಲ್ಲವೋ, ಅಂಟು ಹಿಡಿಸಲು ಮೊದಲೇ ಬಳಿಯುವ ಪ್ರೈಮರ್ ಬೇಕೋ ಬೇಡವೋ ಎಂಬುದಕ್ಕೆ ಇದಕ್ಕಿಂತ ಅಗ್ಗದ ಉತ್ತರ ಇಲ್ಲ.

## ಹಂತ 3: ಸಂದಿ ಅಳೆಯಿರಿ

ಗಾಜು ಮತ್ತು ಅಲ್ಯೂಮಿನಿಯಂ ಬಿಸಿಲಿಗೆ ಒಂದೇ ಸಮ ಹಿಗ್ಗುವುದಿಲ್ಲ. ಮೂರು ಮೀಟರ್ ಉದ್ದದ ಅಲ್ಯೂಮಿನಿಯಂ 40 ಡಿಗ್ರಿ ಬಿಸಿಯೇರಿದರೆ ಸುಮಾರು 2.8 ಮಿ.ಮೀ. ಉದ್ದವಾಗುತ್ತದೆ. ಅಷ್ಟೇ ಉದ್ದದ ಗಾಜು 1.1 ಮಿ.ಮೀ. ಮಾತ್ರ. ಈ ಜಗ್ಗಾಟವನ್ನು ದಿನಾ ತಡೆದುಕೊಳ್ಳುವುದು ನಡುವಿನ ಸೀಲೆಂಟ್. 10 ಮಿ.ಮೀ. ಸಂದಿಗೆ 25 ಶೇಕಡಾದ ಸೀಲೆಂಟ್ ಹಾಕಿದರೆ ಅದು ತಾಳುವುದು 2.5 ಮಿ.ಮೀ. ಅಷ್ಟೆ.

ಅಗಲ 6 ಮಿ.ಮೀ.ಗಿಂತ ಕಡಿಮೆ ಇರಬಾರದು. ಆಳ ಅಗಲದ ಅರ್ಧದಷ್ಟಿರಲಿ, ಆದರೆ 6 ಮಿ.ಮೀ.ಗಿಂತ ತೆಳ್ಳಗೆ ಬೇಡ. ಅಂದರೆ 12ರ ಸಂದಿಗೆ 6, 10ರ ಸಂದಿಗೂ 6. ದಪ್ಪ ತುಂಬಿದರೆ ಗಟ್ಟಿ ಎಂದು ಕೆಲವರು 20 ಮಿ.ಮೀ. ಆಳಕ್ಕೆ ಹಿಂಡುತ್ತಾರೆ. ಮಾಲೂ ದಂಡ, ಸಂದಿಯೂ ಕೆಡುತ್ತದೆ. ದಪ್ಪ ಸೀಲೆಂಟ್ ಸುಲಭವಾಗಿ ಹಿಗ್ಗುವುದಿಲ್ಲ, ಅಂಚಿನಲ್ಲಿ ಕಿತ್ತುಕೊಳ್ಳುತ್ತದೆ.

ಮಾಲಿನ ಲೆಕ್ಕ ಸುಲಭ. 10 ಅಗಲ, 6 ಆಳ ಎಂದರೆ ಮೀಟರಿಗೆ 60 ಮಿ.ಲೀ. ಒಂದು ಸಾಸೇಜಿಗೆ ಹತ್ತು ಮೀಟರ್. 300 ಮೀಟರ್ ಸಂದಿಗೆ 30 ಸಾಸೇಜ್, ವೇಸ್ಟೇಜ್ ಸೇರಿಸಿ 36 ಹಿಡಿಯಿರಿ. ಅಷ್ಟೇ ಸಂದಿಗೆ ಯಾರಾದರೂ 15 ಸಾಕು ಎಂದು ಕೊಟೇಶನ್ ಕೊಟ್ಟರೆ ಅವರು ಮೇಲಿಂದ ಸವರಿ ಹೋಗುವವರು ಎಂದು ಅರ್ಥ.

## ಹಂತ 4: ದಿನ, ಹೊತ್ತು ಆರಿಸಿ

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಒಳ್ಳೆಯ ಕಾಲ ಜನವರಿಯಿಂದ ಮಾರ್ಚ್. ಮಳೆ ಕಡಿಮೆ, ಹೊಸ ಸೀಲೆಂಟ್ ಗಟ್ಟಿಯಾಗಲು ಸಮಯ ಸಿಗುತ್ತದೆ. ಆದರೆ ಆ ತಿಂಗಳುಗಳ ಬೆಳಗಿನ ಹೊತ್ತು ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಇಬ್ಬನಿ ಇರುತ್ತದೆ. ಕೈ ಬೆರಳು ಎಳೆದಾಗ ಗೆರೆ ಮೂಡಿದರೆ ಇನ್ನೂ ಒಂದು ಗಂಟೆ ಕಾಯಿರಿ.

ಮಧ್ಯಾಹ್ನದ ಬಿಸಿಲು ಬೀಳುವ ಗೋಡೆಯೂ ಬೇಡ. ಕಪ್ಪು ಅಲ್ಯೂಮಿನಿಯಂ ಕೈ ಇಡಲಾಗದಷ್ಟು ಕಾದಿದ್ದರೆ ಸೀಲೆಂಟ್ ಒಳಗೆ ಗುಳ್ಳೆ ಏಳುತ್ತದೆ, ಟೂಲಿಂಗ್ (ಸ್ಪ್ಯಾಟುಲಾದಿಂದ ಒತ್ತಿ ಎಳೆಯುವುದು) ಮಾಡುವಷ್ಟರಲ್ಲಿ ಮೇಲೆ ಪೊರೆ ಕಟ್ಟಿರುತ್ತದೆ. ಹೆಚ್ಚಿನ ಕಂಪನಿಗಳು ಹೇಳುವ ಮಿತಿ 50 ಡಿಗ್ರಿ. ನೆರಳನ್ನು ಹಿಂಬಾಲಿಸಿ: ಬೆಳಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ನಂತರ ಪೂರ್ವದ ಗೋಡೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಂತೂ ಹತ್ತು ಗಂಟೆಯೊಳಗೆ ಮುಗಿಸುವುದೇ ಜಾಣತನ.

## ಹಂತ 5: ಹಳೆಯದನ್ನು ಪೂರ್ತಿ ಕೀಳಿ

ಎರಡೂ ಅಂಚಿನಲ್ಲಿ ಟೇಪ್ ಸುತ್ತಿದ ಬ್ಲೇಡಿನಿಂದ ಕೊಯ್ದು, ಪಟ್ಟಿಯನ್ನು ಎಳೆದು ತೆಗೆಯಿರಿ. ಹಳೇ ಬ್ಯಾಕರ್ ರಾಡ್ ಕೂಡ ಹೊರಗೆ ಬರಲಿ. ಅದು ಒದ್ದೆಯಾಗಿದ್ದರೆ ಸಂದಿ ಒಣಗಲು ಒಂದು ದಿನ ಬಿಡಿ.

ಹಳೆಯದು ಸಿಲಿಕಾನೇ ಆಗಿದ್ದು, ಗಾಜಿಗೆ ಬಿಗಿಯಾಗಿ ಹಿಡಿದಿದ್ದರೆ, ಒಂದು ತೆಳು ಪೊರೆ ಉಳಿದರೂ ನಡೆಯುತ್ತದೆ. ಹೊಸ ಸಿಲಿಕಾನ್ ಹಳೇ ಸಿಲಿಕಾನಿಗೆ ಅಂಟುತ್ತದೆ. ಹಳೆಯದು ಪಾಲಿಯುರಿಥೇನ್ ಅಥವಾ ಅಕ್ರಿಲಿಕ್ ಆಗಿದ್ದರೆ ಚೂರೂ ಉಳಿಯಬಾರದು. ಯಾವುದೆಂದು ಗೊತ್ತಾಗದಿದ್ದರೆ ಪೂರ್ತಿ ಕೆರೆದುಬಿಡಿ.

ಕೋಟಿಂಗ್ ಇರುವ ಗಾಜು, ಪೌಡರ್ ಕೋಟ್ ಮಾಡಿದ ಅಲ್ಯೂಮಿನಿಯಂ ಮೇಲೆ ಲೋಹದ ಸ್ಕ್ರೇಪರ್ ಗೀರು ಬೀಳಿಸುತ್ತದೆ. ಅಲ್ಲಿ ಪ್ಲಾಸ್ಟಿಕ್ ಬ್ಲೇಡ್ ಬಳಸಿ. ಅಂಚಿನಲ್ಲಿ ಹೊಸ ಅಲ್ಯೂಮಿನಿಯಂನ ರಕ್ಷಣಾ ಪ್ಲಾಸ್ಟಿಕ್ ಇನ್ನೂ ಅಂಟಿಕೊಂಡಿರುವುದೂ ಉಂಟು. ಅದರ ಮೇಲೇ ಸಿಲಿಕಾನ್ ಹೊಡೆದವರನ್ನೂ ನೋಡಿದ್ದೇನೆ.

## ಹಂತ 6: ಎರಡು ಬಟ್ಟೆಯಿಂದ ಒರೆಸಿ

ನನ್ನನ್ನು ಕೇಳಿದರೆ ಇಡೀ ಕೆಲಸದ ಜೀವ ಇಲ್ಲಿದೆ. ಅತಿ ಹೆಚ್ಚು ಕಳ್ಳಾಟ ನಡೆಯುವುದೂ ಇಲ್ಲೇ, ಯಾಕೆಂದರೆ ಸೀಲೆಂಟ್ ಬಿದ್ದ ಮೇಲೆ ಒರೆಸಿದ್ದೋ ಇಲ್ಲವೋ ಯಾರಿಗೂ ಕಾಣುವುದಿಲ್ಲ.

ಮೊದಲು ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ನಂತರ ಒಂದು ಬಟ್ಟೆಗೆ ಐಪಿಎ ಸುರಿದು ಸಂದಿಯ ಎರಡೂ ಒಳಗೋಡೆಗಳನ್ನು ಒಂದೇ ದಿಕ್ಕಿನಲ್ಲಿ ಒರೆಸಿ. ಅದು ಆರಿಹೋಗುವ ಮೊದಲೇ ಎರಡನೇ ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಎರಡನೇ ಬಟ್ಟೆ ಯಾಕೆ? ಐಪಿಎ ಜಿಡ್ಡನ್ನು ಕರಗಿಸುತ್ತದೆ, ಆದರೆ ತಾನೇ ಹೊತ್ತುಕೊಂಡು ಹೋಗುವುದಿಲ್ಲ. ಹಾಗೇ ಆರಲು ಬಿಟ್ಟರೆ ಜಿಡ್ಡು ತೆಳ್ಳಗೆ ಹರಡಿ ಅಲ್ಲೇ ಕೂರುತ್ತದೆ. ಒರೆಸದೇ ಇದ್ದರೂ ಇಷ್ಟೇ ಆಗುತ್ತಿತ್ತು ಅಲ್ವಾ?

ಎರಡನೇ ಬಟ್ಟೆ ಬೆಳ್ಳಗೇ ಉಳಿಯುವವರೆಗೆ ಮತ್ತೆ ಮತ್ತೆ ಮಾಡಿ. ಬಟ್ಟೆ ಬಿಳಿ ಇರಬೇಕೆನ್ನುವುದು ಇದಕ್ಕೇ. ಬನಿಯನ್ ವೇಸ್ಟ್‌ನ ಬಣ್ಣದ ಚಿಂದಿಗಳಲ್ಲಿ ಕೊಳೆ ಕಾಣುವುದಿಲ್ಲ, ಮೇಲಿಂದ ಅದರ ಬಣ್ಣವೂ ಬಿಡುತ್ತದೆ.

ಒರೆಸಿದ ಬಟ್ಟೆಯನ್ನು ಮತ್ತೆ ಐಪಿಎ ಡಬ್ಬಕ್ಕೆ ಅದ್ದಬೇಡಿ, ಇಡೀ ಡಬ್ಬ ಕೊಳೆಯಾಗುತ್ತದೆ. ಹಿಂಡುವ ಬಾಟಲಿಯಲ್ಲಿ ತುಂಬಿಟ್ಟುಕೊಂಡು ಬಟ್ಟೆಯ ಮೇಲೆ ಸುರಿಯಿರಿ. ಪೇಂಟ್ ಅಂಗಡಿಯ ಥಿನ್ನರ್, ಸೀಮೆಎಣ್ಣೆ, ಪೆಟ್ರೋಲ್ ಯಾವುದೂ ಬೇಡ, ಅವು ಒಣಗಿದ ಮೇಲೂ ಜಿಡ್ಡು ಬಿಡುತ್ತವೆ. ಐಪಿಎ ಬೇಗ ಬೆಂಕಿ ಹಿಡಿಯುತ್ತದೆ, ಹತ್ತಿರ ಬೀಡಿ, ವೆಲ್ಡಿಂಗ್ ಇರಬಾರದು.

ಮಂಗಳೂರು, ಕಾರವಾರದ ಕಡೆಯವರಿಗೆ ಒಂದು ಮಾತು. ಸಮುದ್ರದ ಗಾಳಿ ತಂದ ಉಪ್ಪನ್ನು ಐಪಿಎ ತೆಗೆಯುವುದಿಲ್ಲ. ಮೊದಲು ಸಿಹಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎರಡು ಬಟ್ಟೆಯ ಕೆಲಸ.

ಇವತ್ತು ಸೀಲೆಂಟ್ ಹೊಡೆಯುವಷ್ಟು ಉದ್ದ ಮಾತ್ರ ಒರೆಸಿ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಧೂಳು ಕೂತಿದ್ದರೆ, ಯಾರಾದರೂ ಬರಿಗೈಯಲ್ಲಿ ಮುಟ್ಟಿದ್ದರೆ, ಮತ್ತೆ ಮೊದಲಿನಿಂದ.

## ಹಂತ 7: ಪ್ರೈಮರ್, ಬ್ಯಾಕರ್ ರಾಡ್

ಗಾಜಿಗೆ ಸಾಮಾನ್ಯವಾಗಿ ಪ್ರೈಮರ್ ಬೇಡ. ಕಾಂಕ್ರೀಟ್, ಕಲ್ಲು, ಕೆಲವು ಬಗೆಯ ಬಣ್ಣದ ಅಲ್ಯೂಮಿನಿಯಂಗೆ ಬೇಕಾಗಬಹುದು. ನಿಮ್ಮ ಒಂದು ಮೀಟರ್ ಪ್ರಯೋಗ ಇದನ್ನು ಹೇಳಿರುತ್ತದೆ. ಹಾಕುವುದಾದರೆ ತೆಳ್ಳಗೆ ಹಾಕಿ. ಎಷ್ಟು ಹೊತ್ತು ಒಣಗಬೇಕು ಎಂದು ಡಬ್ಬದ ಮೇಲೆ ಇದೆ. ಬಿಳಿ ಪುಡಿ ಕಂಡರೆ ಜಾಸ್ತಿಯಾಗಿದೆ.

ಬ್ಯಾಕರ್ ರಾಡ್ ಸುಮ್ನೆ ಸಂದಿ ತುಂಬಿಸಲು ಹಾಕುವ ಸ್ಪಂಜ್ ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಅದು ಸೀಲೆಂಟಿನ ಆಳವನ್ನು ನಿಗದಿ ಮಾಡುತ್ತದೆ. ಹಿಂದಿನಿಂದ ಒತ್ತು ಕೊಟ್ಟು, ಸೀಲೆಂಟ್ ಅಂಚುಗಳಿಗೆ ಒತ್ತಿಕೊಳ್ಳುವಂತೆ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸೀಲೆಂಟ್ ಅದಕ್ಕೆ ಅಂಟುವುದಿಲ್ಲ. ಸೀಲೆಂಟ್ ಎಡ, ಬಲ ಎರಡಕ್ಕೆ ಮಾತ್ರ ಅಂಟಿದ್ದರೆ ರಬ್ಬರಿನಂತೆ ಹಿಗ್ಗುತ್ತದೆ. ಹಿಂದಿನ ಲೋಹಕ್ಕೂ ಅಂಟಿದರೆ ಹಿಗ್ಗಲು ಜಾಗವಿಲ್ಲದೆ ಹರಿಯುತ್ತದೆ.

ರಾಡ್ ಸಂದಿಗಿಂತ ಕಾಲುಭಾಗ ದಪ್ಪ ಇರಲಿ. 10ರ ಸಂದಿಗೆ 12 ಅಥವಾ 13, 12ರ ಸಂದಿಗೆ 15. ಪ್ಲೈವುಡ್ ತುಂಡಿನಲ್ಲಿ 6 ಮಿ.ಮೀ. ಮೆಟ್ಟಿಲು ಕೊಯ್ದುಕೊಂಡು ಅದರಿಂದ ಒತ್ತುತ್ತಾ ಹೋದರೆ ಎಲ್ಲ ಕಡೆ ಒಂದೇ ಆಳ ಬರುತ್ತದೆ. ಸ್ಕ್ರೂಡ್ರೈವರ್ ಬಳಸಬೇಡಿ. ರಾಡಿಗೆ ತೂತು ಬಿದ್ದರೆ ಒಳಗಿನ ಗಾಳಿ ಹೊರಬಂದು ಹಸಿ ಸೀಲೆಂಟಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಉದ್ದಕ್ಕೆ ಎಳೆದು ಕೂರಿಸಿದರೆ ಆಮೇಲೆ ಕುಗ್ಗಿ, ತುದಿಯಲ್ಲಿ ಸಂದಿ ತೆರೆದುಕೊಳ್ಳುತ್ತದೆ. ರಾಡಿಗೆ ಜಾಗವೇ ಇಲ್ಲದ ಕಡೆ ತಳಕ್ಕೆ ಪಾಲಿಥಿನ್ ಟೇಪ್ ಅಂಟಿಸಿ.

## ಹಂತ 8: ಗನ್

ಎರಡೂ ಬದಿ ಮಾಸ್ಕಿಂಗ್ ಟೇಪ್ ಹಾಕಿ. ಟೇಪ್ ಅಂಚು ಸಂದಿಯೊಳಗೆ ಇಣುಕಬಾರದು. ನಾಜಲ್ ತುದಿಯನ್ನು ಸಂದಿಯ ಅಗಲಕ್ಕೆ ಸರಿಯಾಗಿ 45 ಡಿಗ್ರಿ ಓರೆಯಾಗಿ ಕೊಯ್ಯಿರಿ.

ನಾಜಲನ್ನು ಸಂದಿಯೊಳಗೆ ಇಟ್ಟು, ಸೀಲೆಂಟ್ ನಾಜಲ್ ಮುಂದೆ ಉಬ್ಬಿಕೊಂಡು ಹೋಗುವ ಹಾಗೆ ತಳ್ಳುತ್ತಾ ಹೋಗಿ. ಬೇಗ ಎಳೆದುಕೊಂಡು ಹೋದರೆ ಮೇಲೆ ಚೆಂದ ಕಾಣುತ್ತದೆ, ಕೆಳಗೆ ಟೊಳ್ಳು ಉಳಿಯುತ್ತದೆ. ಅಡ್ಡ ಮತ್ತು ಉದ್ದ ಸಂದಿ ಸೇರುವ ಮೂಲೆಯಲ್ಲಿ ನಿಲ್ಲಿಸಬೇಡಿ. ಮೂಲೆ ದಾಟಿ ಒಂದು ಗೇಣು ಮುಂದೆ ಹೋಗಿ ನಿಲ್ಲಿಸಿ. ಸೋರಿಕೆ ಬಹಳ ಸಲ ಶುರುವಾಗುವುದು ಮೂಲೆಯಲ್ಲೇ.

## ಹಂತ 9: ಟೂಲಿಂಗ್, ಟೇಪ್

ಐದು ಹತ್ತು ನಿಮಿಷದೊಳಗೆ, ಪೊರೆ ಕಟ್ಟುವ ಮೊದಲು, ಸ್ಪ್ಯಾಟುಲಾದಿಂದ ಒತ್ತಿ ಎಳೆಯಿರಿ. ಇದು ಬರೀ ಅಂದಕ್ಕಲ್ಲ. ಈ ಒತ್ತಡಕ್ಕೇ ಸೀಲೆಂಟ್ ಅಂಚುಗಳಿಗೆ ಅಂಟುತ್ತದೆ, ಒಳಗಿನ ಗಾಳಿ ಹೊರಬರುತ್ತದೆ. ಮಧ್ಯೆ ಸ್ವಲ್ಪ ತಗ್ಗಾಗಿರಲಿ.

ಸೋಪು ನೀರು ಬೇಡ. ಉಗುಳು ಹಚ್ಚಿದ ಹೆಬ್ಬೆರಳೂ ಬೇಡ! ಸೋಪು ನೀರು ಸಂದಿಯೊಳಗೆ ಇಳಿದರೆ ಅಲ್ಲಿ ಸೀಲೆಂಟ್ ಅಂಟುವುದೇ ಇಲ್ಲ. ಒಣ ಸ್ಪ್ಯಾಟುಲಾ ಸಾಕು. ಟೂಲಿಂಗ್ ಆದ ಕೂಡಲೇ ಟೇಪ್ ಕೀಳಿ. ಪೊರೆ ಕಟ್ಟಿದ ಮೇಲೆ ಕಿತ್ತರೆ ಅಂಚು ಹರಿದು ಬರುತ್ತದೆ.

ಇಂಥ ಒಂದೇ ಪ್ಯಾಕಿನ, ಬೇರೇನೂ ಬೆರೆಸಬೇಕಿಲ್ಲದ ಸಿಲಿಕಾನ್ ಗಾಳಿಯ ತೇವ ಹೀರಿಕೊಂಡು ಮೇಲಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ, ದಿನಕ್ಕೆ ಸುಮಾರು 2-3 ಮಿ.ಮೀ. ಮೊದಲ ಕೆಲವು ದಿನ ಗಾಜು ತೊಳೆಯುವವರನ್ನು ಆ ಕಡೆ ಬಿಡಬೇಡಿ. ಪೂರ್ತಿ ಹಿಡಿತ ಬರಲು ಎರಡು ಮೂರು ವಾರ ಬೇಕು.

## ಹಂತ 10: ಎಳೆದು ನೋಡಿ

ಮೂರು ವಾರದ ನಂತರ ಸಂದಿಗೆ ಅಡ್ಡವಾಗಿ ಒಂದು ಕೊಯ್ತ ಹಾಕಿ. ಅಲ್ಲಿಂದ ಎರಡೂ ಅಂಚಿನ ಗುಂಟ ಸುಮಾರು 75 ಮಿ.ಮೀ. ಕೊಯ್ಯಿರಿ. ಬಾಲದಂತೆ ಒಂದು ತುಂಡು ಬಿಡಿಸಿಕೊಳ್ಳುತ್ತದೆ. ಬುಡದಿಂದ 25 ಮಿ.ಮೀ. ದೂರಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ, ಗಾಜಿಗೆ ನೇರ ಹೊರಗೆ ನಿಧಾನ ಎಳೆಯಿರಿ. ಗೆರೆ ಎಷ್ಟು ದೂರ ಹೋಗುವವರೆಗೆ ತಾಳಬೇಕು ಎಂಬುದು ಕಂಪನಿಯ ಮಾಹಿತಿಯಲ್ಲಿರುತ್ತದೆ.

ಸೀಲೆಂಟ್ ತನ್ನೊಳಗೇ ಹರಿದು, ಅಂಚಿನಲ್ಲಿ ಹಾಗೇ ಕಚ್ಚಿಕೊಂಡಿದ್ದರೆ ಪಾಸ್. ಗಾಜಿನಿಂದ ಅಥವಾ ಅಲ್ಯೂಮಿನಿಯಂನಿಂದ ನುಣ್ಣಗೆ ಸುಲಿದು ಬಂದರೆ ಫೇಲ್. ಮೊದಲ 300 ಮೀಟರಿನಲ್ಲಿ ಪ್ರತಿ 30 ಮೀಟರಿಗೆ ಒಂದು, ಎಲ್ಲ ಪಾಸಾದರೆ ನಂತರ 300 ಮೀಟರಿಗೆ ಒಂದು ಸಾಕು. ಕೊಯ್ದ ಜಾಗಕ್ಕೆ ಒರೆಸಿ ಅದೇ ಸೀಲೆಂಟ್ ತುಂಬಿದರೆ ಹಳೆಯದಕ್ಕೆ ಬೆಸೆದುಕೊಳ್ಳುತ್ತದೆ. ಆಮೇಲೆ ಮೊದಲ ಹಂತದ ಪೈಪ್ ಪರೀಕ್ಷೆ ಇನ್ನೊಮ್ಮೆ.

## ಫೇಲ್ ಆದರೆ ಏನು ಓದಬೇಕು

ಒಂದೇ ಅಂಚಿನಲ್ಲಿ ಉದ್ದಕ್ಕೂ ಬಿಟ್ಟಿದೆಯಾ? ಆ ಬದಿ ಸರಿಯಾಗಿ ಒರೆಸಿಲ್ಲ, ಅಥವಾ ಆ ಬಣ್ಣಕ್ಕೆ ಪ್ರೈಮರ್ ಬೇಕಿತ್ತು. ಅಂಚು ಗಟ್ಟಿ ಇದ್ದು ನಡುವೆ ಬಿರುಕು ಬಿಟ್ಟಿದ್ದರೆ ಸಂದಿ ಕಿರಿದಾಯಿತು, ಅಥವಾ ಹಿಂಬದಿಗೂ ಅಂಟಿದೆ. ಸಾಲಾಗಿ ಗುಳ್ಳೆ ಎದ್ದಿದ್ದರೆ ರಾಡಿಗೆ ತೂತು ಬಿದ್ದಿದೆ, ಇಲ್ಲವೇ ಗೋಡೆ ಕಾದಿತ್ತು. ಸುಕ್ಕುಗಟ್ಟಿದ್ದರೆ ಗಟ್ಟಿಯಾಗುವ ಮೊದಲೇ ಬಿಸಿಲಿಗೆ ಜಗ್ಗಾಡಿದೆ. ರಬ್ಬರ್ ಗ್ಯಾಸ್ಕೆಟ್ ತಾಗಿದ ಕಡೆ ಮಾತ್ರ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಗ್ಯಾಸ್ಕೆಟಿಗೂ ಸೀಲೆಂಟಿಗೂ ಹೊಂದಾಣಿಕೆ ಇಲ್ಲ, ಸೀಲೆಂಟ್ ಕಂಪನಿಗೆ ಗ್ಯಾಸ್ಕೆಟ್ ತುಂಡು ಕಳಿಸಿ ಪರೀಕ್ಷೆ ಮಾಡಿಸಬೇಕು.

ಪ್ರತಿ ದಿನದ ಕೆಲಸಕ್ಕೂ ಒಂದು ಸಾಲು ಬರೆದಿಡಿ: ಯಾವ ಗೋಡೆ, ಯಾವ ಮಹಡಿ, ಸಾಸೇಜಿನ ಬ್ಯಾಚ್ ನಂಬರ್, ಎಷ್ಟು ಹೊತ್ತಿಗೆ, ಯಾರು ಒರೆಸಿದರು, ಯಾರು ಹೊಡೆದರು. ಒರೆಸಿದವರ ಹೆಸರು ಬರೆಯುತ್ತೇವೆ ಎಂದು ಗೊತ್ತಾದ ದಿನದಿಂದ ನಮ್ಮಲ್ಲಿ ಬಿಳಿ ಬಟ್ಟೆ ಬೇಗ ಖಾಲಿಯಾಗುತ್ತಿದೆ.